ಹರ ಹರ ಎಂದು ನಿಂತ ಮುಳ್ಳು

ಮಸ್ಕಿಯಿಂದ ದೂರದವರೆಗೆ ಮಾತು ಮುಟ್ಟಿಸಿದ ಮಹಾನುಭಾವರು ಇಬ್ಬರು. ಒಬ್ಬ ಅಶೋಕ, ಗುಡ್ಡದ ಬಂಡೆಯ ಮೇಲೆ ಕೆತ್ತಿಸಿ ಮುಟ್ಟಿಸಿದ. ಇನ್ನೊಬ್ಬ ಮೈಕ್‌ಸೆಟ್ ಗ್ಯಾನಪ್ಪ, ಬೇವಿನ ಮರಕ್ಕೆ ಹಾರ್ನ್ ಕಟ್ಟಿ ಮುಟ್ಟಿಸಿದ. ಅಶೋಕನ ಅಕ್ಷರ ಎರಡು ಸಾವಿರ ವರ್ಷ ದಾಟಿದರೂ ಎಲ್ಲೂ ತಡವರಿಸಿಲ್ಲ. ಗ್ಯಾನಪ್ಪನ ರಿಕಾರ್ಡು ಮಾತ್ರ ಎರಡನೇ ಹಾಡಿಗೇ ತಡವರಿಸುತ್ತಿತ್ತು. ಈ ಕಥೆ ಎರಡನೆಯವನದು.

ಎಂಬತ್ತಾರರ ಮದುವೆ ಸುಗ್ಗಿಗೆ ಮುಂಚೆ ಅವನ ಹಳೇ ರಿಕಾರ್ಡ್ ಪ್ಲೇಯರಿನ ಮೋಟಾರು ಸುಟ್ಟು ಕರಕಾಯಿತು. ಗ್ಯಾನಪ್ಪ ಲಿಂಗಸುಗೂರಿಗೆ ಹೋಗಿ ಹುಸೇನ್‌ಸಾಬರ ಗುಜರಿ ಅಂಗಡಿಯಲ್ಲಿ ಇನ್ನೊಂದನ್ನು ಹುಡುಕಿದ. ವರ್ಗವಾಗಿ ಹೋದ ಯಾರೋ ಸಾಹೇಬರದು. ಮರದ ಪೆಟ್ಟಿಗೆ, ಬೆಳ್ಳಿಯಂತೆ ಹೊಳೆಯುವ ಕೈ, ಕೈಯ ತುದಿಗೆ ಮುಳ್ಳು, ಹಿಂದೆ ತೂಕಕ್ಕೆ ಉಕ್ಕಿನ ಗುಂಡು.

"ಖಾನ್ದಾನಿ ಮಾಲು ಗ್ಯಾನಪ್ಪ" ಎಂದರು ಹುಸೇನ್‌ಸಾಬ್. "ಕೈ ನೋಡು, ನವಾಬರ ಕೈ ಇದ್ದಂಗ ಐತಿ. ಎಲ್ಲಿ ಇಟ್ರೂ ಸಪ್ಪಳಿಲ್ದ ಕೂಡ್ತದ."

ಗ್ಯಾನಪ್ಪ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದ. ಕಂಡಕ್ಟರ್ ಲಗೇಜು ಮೇಲೆ ಹಾಕು ಎಂದಾಗ, ಮದುಮಗಳನ್ನು ಟಾಪಿನ ಮೇಲೆ ಕೂರಿಸು ಎಂದಂತೆ ಸಿಟ್ಟಾದ. ಮನೆಯಲ್ಲಿ ಹೆಂಡತಿ ಗಿರಿಯಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು: ತಿರುಗಿ ತಿರುಗಿ ಅನ್ನ ಹಾಕುವ ಎಲ್ಲದಕ್ಕೂ ಅಮಾವಾಸ್ಯೆಗೆ ಪೂಜೆ. ಬೀಸುವ ಕಲ್ಲಿಗೆ, ಸೈಕಲ್ಲಿನ ಗಾಲಿಗೆ, ಈಗ ರಿಕಾರ್ಡ್ ಪ್ಲೇಯರಿಗೆ. ಊರೂರು ತಿರುಗುವ ಗಂಡನೊಬ್ಬನೇ ಪಟ್ಟಿಯಿಂದ ಬಿಟ್ಟುಹೋಗಿದ್ದ.

ಆ ಅಮಾವಾಸ್ಯೆಗೆ ಗಿರಿಯಮ್ಮ ಅದಕ್ಕೂ ವಿಭೂತಿ ಬಳಿದಳು, ಕುಂಕುಮ ಇಟ್ಟಳು. ಆಮೇಲೆ ಆ ಕೈಯ ಬುಡಕ್ಕೆ, ಅದು ತಿರುಗುವ ಸಂದಿಗೇ, ಒಂದು ಕರಿದಾರ ಬಿಗಿದಳು.

"ಸಿಂಧನೂರಿನ ಮಾಳಿಂಗಪ್ಪನ ಕಣ್ಣು ಭಾಳ ಕೆಟ್ಟದ್ದರೀ" ಎಂದಳು.

ಮಾಳಿಂಗಪ್ಪನದೂ ಮೈಕ್‌ಸೆಟ್ಟೇ. ಆದರೆ ಅವನು ಹೊಸದಾಗಿ ಟೇಪ್ ರಿಕಾರ್ಡರ್ ತಂದಿದ್ದ. ಕಂಡಕಂಡಲ್ಲಿ "ಗ್ಯಾನಪ್ಪಾ, ಇನ್ನೂ ತಟ್ಟೀನ ತಿರುವಾಕತ್ತೀಯೇನಲೇ?" ಎಂದು ಕೇಳುತ್ತಿದ್ದ.

ಅಮಾವಾಸ್ಯೆ ಕಳೆದದ್ದೇ ತಡ, ಪ್ಲೇಯರಿನ ಕೈಗೆ ಹಟ ಬಂತು. ರಿಕಾರ್ಡಿನ ಅಂಚಿನ ಹಾಡು ಸರಾಗ. ಒಳಗೊಳಗೆ ಸರಿದಂತೆ ಮುಳ್ಳು ಒಂದೇ ಗೆರೆಯಲ್ಲಿ ಗಿರಕಿ ಹೊಡೆಯುವುದು. ಗ್ಯಾನಪ್ಪ ಬಯ್ದಾಗೊಮ್ಮೆ ಗಿರಿಯಮ್ಮ "ದೃಷ್ಟಿ ಇನ್ನಾ ಇಳಿದಿಲ್ಲ" ಎಂದು ಇನ್ನೊಂದು ದಾರ ಕಟ್ಟುವಳು. ನಿಮಗೆ ಈಗಾಗಲೇ ಅನುಮಾನ ಬಂದಿದೆ. ಗ್ಯಾನಪ್ಪನಿಗೆ ಬರಲಿಲ್ಲ. ಪೂಜೆಯ ದಾರವನ್ನು ರಿಪೇರಿಯ ಕಣ್ಣಿನಿಂದ ನೋಡುವ ರೂಢಿ ನಮ್ಮ ಕಡೆ ಇಲ್ಲ. ಮುಟ್ಟಿ ಕಣ್ಣಿಗೊತ್ತಿಕೊಂಡರೆ ಮುಗಿಯಿತು.

ಹೀಗೆ ಕಣ್ಣಿಗೊತ್ತಿಕೊಂಡೇ ಅವನು ದಂಡಯಾತ್ರೆ ಹೊರಟ. ಮೊದಲು ಮುಳ್ಳಿನ ಮೇಲೆ ಏರಿಹೋದ. ಹೊಸ ಮುಳ್ಳು ಹಾಕಿದರೂ ಅದೇ ಗಿರಕಿ. ನೆಲದ ಮೇಲೆ ಏರಿಹೋದ, ಪೆಟ್ಟಿಗೆಯ ಮೇಲೆ ತಾಟಿನಲ್ಲಿ ನೀರಿಟ್ಟು, ಕಾಲಡಿ ಹಂಚಿನ ಚೂರು ಸರಿಸಿ ಸಮತಟ್ಟು ಮಾಡಿದ, ಅದೇ ಗಿರಕಿ. ಕೊನೆಗೆ ಹಿಂದಿನ ಉಕ್ಕಿನ ಗುಂಡಿಗೆ ಕೈ ಹಾಕಿದ. ಹಿಂದಕ್ಕೆ ತಿರುವಿದರೆ ಕೈ ಗಾಳಿಯಲ್ಲಿ ಎದ್ದು, ಮುನಿದ ಅಳಿಯ ಊಟಕ್ಕೆ ಬಾರದಂತೆ ಕೆಳಗಿಳಿಯಲೊಲ್ಲದು. ಮುಂದಕ್ಕೆ ತಿರುವಿದರೆ ವಳಕಮದಿನ್ನಿ ಊರಿನ ಗದ್ದೆ ಉತ್ತಂತೆ ಮುಳ್ಳು ರಿಕಾರ್ಡನ್ನೇ ಉತ್ತು ಕರಿ ಪುಡಿ ಎಬ್ಬಿಸಿತು.

ಸೋತು ಲಿಂಗಸುಗೂರಿಗೆ ಹೊತ್ತೊಯ್ದ. ಹೊರಡುವಾಗ ಗಿರಿಯಮ್ಮ "ಪೂಜಿ ದಾರ ಗುಜರಿ ಅಂಗಡಿಗೆ ಹೋಗಬಾರದು" ಎಂದು ಎಲ್ಲವನ್ನೂ ಬಿಚ್ಚಿ, ವಿಭೂತಿ ಒರೆಸಿ ಕಳಿಸಿದಳು. ಅಂಗಡಿಯಲ್ಲಿ ರಿಕಾರ್ಡು ಅಂಚಿನಿಂದ ನಡುವಿನವರೆಗೆ ನೀರು ಹರಿದಂತೆ ಹಾಡಿತು. ಗ್ಯಾನಪ್ಪನಿಗೆ ಅವಮಾನದಿಂದ ಕಿವಿ ಕೆಂಪಾಯಿತು.

"ಇದಕ್ಕೇನೂ ಬೀಮಾರಿ ಇಲ್ಲಪ್ಪ" ಎಂದರು ಹುಸೇನ್‌ಸಾಬ್. "ನಿಮ್ಮ ಮಸ್ಕಿ ಹವಾ ಹಿಡಿಸಿಲ್ಲ, ಅಷ್ಟಽ."

ಮನೆಗೆ ಬಂದೊಡನೆ ಗಿರಿಯಮ್ಮ ಸಂತೋಷಪಟ್ಟು ಎಲ್ಲ ದಾರವನ್ನೂ ಮರಳಿ ಕಟ್ಟಿದಳು.

ಆಗ ಬಂತು ತುರ್ವಿಹಾಳದ ಆದೆಪ್ಪನ ಮಗಳ ಮದುವೆ. ಕಾಲುವೆ ಸೀಮೆಯಲ್ಲಿ ಆದೆಪ್ಪನ ಮನೆಗೆ ಯಾರ ಮೈಕು ಹಚ್ಚಿದರೋ, ಉಳಿದವರೆಲ್ಲ ಅವನನ್ನೇ ಕರೆಯುವರು. ಇಲ್ಲಿ ಮಾನ ಹೋದರೆ ಗ್ಯಾನಪ್ಪನ ಹಾರ್ನ್ ಕೋಳಿ ಮುಚ್ಚಲಿಕ್ಕೇ ಸೈ. ಮಾಳಿಂಗಪ್ಪನೂ ಬಂದಿದ್ದ, ಟವೆಲ್ಲಿನಲ್ಲಿ ಸುತ್ತಿದ ಟೇಪ್ ರಿಕಾರ್ಡರನ್ನು ಕಂಕುಳಲ್ಲಿ ಇಟ್ಟುಕೊಂಡು.

"ನಾ ಬರೇ ಉಣ್ಣಾಕ ಬಂದೀನಿ" ಎಂದ.

"ಟೇಪೂ ಉಣತೈತೇನು?" ಎಂದ ಗ್ಯಾನಪ್ಪ.

ಅಕ್ಷತೆಗೆ ಸ್ವಲ್ಪ ಮುಂಚೆ ಭಕ್ತಿಗೀತೆ ಹಚ್ಚಿದ. ಮುಳ್ಳು ನಡುವಿಗೆ ಬಂದು ನಿಂತಿತು. "ಹರ ಹರ ಹರ ಹರ" ಎಂದು ಹಾರ್ನ್ ಊರಿಗೆಲ್ಲ ಸಾರತೊಡಗಿತು. ಹಿರಿಯರು ಭಕ್ತಿಯಿಂದ ಕೈಮುಗಿದರು. ಮುದುಕಿಯೊಬ್ಬಳು ತಾಳ ಹಾಕಿದಳು. ಇದು ಮುಗಿಯದೆ ತಾನು ಬಾಯಿ ತೆರೆಯಬಾರದೆಂದು ಅಯ್ಯನವರು ಮಂತ್ರ ನಿಲ್ಲಿಸಿ ಕೂತರು. ಹರ ಮುಗಿಯಲಿಲ್ಲ.

ಆದೆಪ್ಪ ಧಾವಿಸಿ ಬಂದ. "ಗ್ಯಾನಪ್ಪಣ್ಣ, ಅಕ್ಷತಿ ಹೊತ್ತು ಮೀರಾಕತ್ತೈತಿ. ನಿನ್ನ ಹರ ಮುಂದಕ ಹೋಗ್ತಾನೋ, ಮಾಳಿಂಗಪ್ಪಗ ಹೇಳ್ಲೋ?"

ಮಾಳಿಂಗಪ್ಪ ಟವೆಲ್ ಬಿಚ್ಚತೊಡಗಿದ.

ಹೆಂಗಸರ ಗುಂಪಿನಿಂದ ಗಿರಿಯಮ್ಮ ನುಗ್ಗಿ ಬಂದಳು, ಕೈಯಲ್ಲಿ ಮತ್ತೊಂದು ಕರಿದಾರ. "ತಡೀರಿ, ಇದೊಂದು ಕಟ್ತೀನಿ!" ಎಂದು ಹಳೇ ಗಂಟುಗಳನ್ನು ಬೆರಳಿಂದ ಸಂದಿಯೊಳಗೆ ಒತ್ತಿದಳು. ಒತ್ತಿದಂತೆ ಪ್ಲೇಯರಿನ ಕೈ ಇಷ್ಟೇ ಇಷ್ಟು ಹಿಂದೆ ಸರಿಯಿತು. ಗ್ಯಾನಪ್ಪ ನೋಡಿದ. ತಿಂಗಳುಗಟ್ಟಲೆ ಕಣ್ಣಿಗೊತ್ತಿಕೊಂಡದ್ದನ್ನು ಮೊದಲ ಸಲ ಕಣ್ಣು ಬಿಟ್ಟು ನೋಡಿದ.

ನಿನ್ನ ದಾರದ್ದೇ ತಪ್ಪು ಎಂದು ಇಡೀ ಮದುವೆಯ ಮುಂದೆ ಹೇಳಬಹುದಿತ್ತು. ಆದರೆ ಮಸ್ಕಿಗೆ ಹೋದ ಮೇಲೆ ಅವನು ಊಟ ಮಾಡಬೇಕಾಗಿತ್ತು. ಗ್ಯಾನಪ್ಪ ಬಲಗೈ ಚಾಚಿದ.

"ಅಲ್ಲಬೇ, ಮಷಿನ್ನು ನನ್ನ ಮಾತ ಕೇಳವಲ್ದು ಅಂದ್ರ ದೃಷ್ಟಿ ಬಡದಿದ್ದು ನನ್ನ ಕೈಗೆ. ಇಷ್ಟು ದಿವಸ ಬ್ಯಾರೆ ಕೈಗೆ ಕಟ್ಟೀದಿ. ಎಲ್ಲಾ ಬಿಚ್ಚಿ ಇದಕ್ಕ ಕಟ್ಟು."

ಗಿರಿಯಮ್ಮ ಕ್ಷಣ ಯೋಚಿಸಿದಳು. "ಹೌದ್ರೀ, ನಂಗ ತಿಳೀಲೇ ಇಲ್ಲ ನೋಡ್ರಿ" ಎಂದು ಒಂದೊಂದಾಗಿ ಬಿಚ್ಚಿ ಅವನ ಮುಂಗೈಗೆ ಬಿಗಿದಳು. ಕೊನೆಯ ಗಂಟು ಸಡಿಲಾಯಿತು. ಹರ ಮುಂದಕ್ಕೆ ಹೋದ, ಹಾಡು ಕೊನೆ ಮುಟ್ಟಿತು, ಅಯ್ಯನವರು ಬಾಯಿ ತೆರೆದರು, ಅಕ್ಷತೆ ಬಿತ್ತು.

ಪಂಕ್ತಿಯಲ್ಲಿ ಮಾಳಿಂಗಪ್ಪ ಪಕ್ಕಕ್ಕೆ ಬಂದು ಕೂತ. ಗ್ಯಾನಪ್ಪನ ಮುಂಗೈಯನ್ನೇ ನೋಡಿ ದನಿ ತಗ್ಗಿಸಿದ. "ದಾರದಾಗ ಭಾರಿ ಶಕ್ತಿ ಐತಲ್ಲೋ! ನನ್ನ ಟೇಪಿಗೂ ಒಂದು ಕಟ್ಟಾಕ ತಂಗಿಗೆ ಹೇಳು."

ಗಿರಿಯಮ್ಮನ ಮನಸ್ಸು ದೊಡ್ಡದು. ಉಂಡೆದ್ದವಳೇ ದಾರದ ಉಂಡೆ ತೆಗೆದು, ಕ್ಯಾಸೆಟ್ ಹಾಕುವ ಬಾಗಿಲಿನ ಸಂದಿಗೇ ಗಟ್ಟಿಯಾಗಿ ಕಟ್ಟಿಕೊಟ್ಟಳು.

ಗ್ಯಾನಪ್ಪ ಬದಿಯಲ್ಲೇ ನಿಂತಿದ್ದ. "ಒಂದು ಸಾಲದು" ಎಂದ. "ಅಣ್ಣಗ ಇನ್ನೆರಡು ಕಟ್ಟು."