ಪೆಂಟಮ್ಮ ತನ್ನ ದಿನದ ಊಟ ಉಂಡದ್ದು

ಮಾಗನೂರು ಸೀಮೆಯ ಕುರುಬರಲ್ಲಿ ಹುಟ್ಟಿದ ಕೂಸುಗಳು ಉಳಿಯದಿದ್ದರೆ, ಮುಂದೆ ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ಬರುತ್ತಿದ್ದರು. ಕಸವೆಂದು ತಿಳಿದು ಸಾವು ಮುಟ್ಟದೆ ಹೋಗಲಿ ಎಂದು. ಪೆಂಟಮ್ಮನಿಗೆ ಹೆಸರು ಬಂದದ್ದು ಹಾಗೆ. ತೆಲುಗಿನಲ್ಲಿ ಪೆಂಟ ಎಂದರೆ ತಿಪ್ಪೆ. ಸಾವು ಮೋಸಹೋಯಿತು. ಗಂಡನ ಮನೆಯವರು ಮಾತ್ರ ಸಾವಿಗಿಂತ ಜಾಣರು. ಅವಳು ಗಟ್ಟಿಯಾಗಿ ರೊಟ್ಟಿ ತಿನ್ನುತ್ತಿರುವಾಗಲೇ ಅವಳ ದಿನ, ಅಂದರೆ ತಿಥಿ, ಮಾಡಿದರು.

ನಿಜಾಮರ ಆಳ್ವಿಕೆಯ ಕಾಲ. ಅವಳ ಮಾವನಿಗೆ ನೂರೈವತ್ತು ಕುರಿ, ಮೂವರು ಗಂಡುಮಕ್ಕಳು. ನಡುವಿನವನು ಬೀರಣ್ಣ, ಪೆಂಟಮ್ಮನ ಗಂಡ, ಮಕ್ಕಳಿಲ್ಲದೆ ಚಳಿಜ್ವರದಲ್ಲಿ ಹೋದ. ಹಿರಿಯ ಪೆದ್ದಯ್ಯ. ಕುರಿಯ ಹಿಂದೆ ನಡೆದೂ ನಡೆದೂ ಅವನಿಗೆ ಕುರಿಯ ಬುದ್ಧಿ ಬಂದಿದ್ದರೂ ಚೆನ್ನಾಗಿರುತ್ತಿತ್ತು. ಬಂದದ್ದು ಮುಳ್ಳುಕಂಟಿಯ ಬುದ್ಧಿ, ಹಾದುಹೋದದ್ದರಿಂದೆಲ್ಲ ಒಂದಿಷ್ಟು ಉಣ್ಣೆ ಕಿತ್ತುಕೊಳ್ಳುವುದು. ಕಿರಿಯ ಬಾಲಯ್ಯನಿಗೆ ಸ್ವಂತ ಬುದ್ಧಿಯ ಗೊಡವೆಯೇ ಇರಲಿಲ್ಲ. ಅಣ್ಣ ಕೆಮ್ಮಿದರೆ ಇವನೂ ಕೆಮ್ಮುವನು.

ಪೆಂಟಮ್ಮ ಉಣ್ಣೆ ನೂಲುವುದರಲ್ಲಿ ಗಟ್ಟಿಗಿತ್ತಿ. ಒಮ್ಮೆ ಕಂಬಳಿ ಮಾರಲು ಗದ್ವಾಲಿಗೆ ಹೋದಾಗ ಬೇವಿನ ಮರದ ಕೆಳಗೆ ಆಶಮ್ಮ ಎಂಬ ಮುದುಕಿ ಯೇಸುವಿನ ಕಥೆ ಹೇಳುತ್ತಿದ್ದಳು. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡರೆ ಉಳಿದದ್ದನ್ನೆಲ್ಲ ಬಿಟ್ಟು ಆ ಒಂದನ್ನು ಹುಡುಕಿಹೋಗುವ ದೇವರು ಎಂದಳು. ಪೆಂಟಮ್ಮ ನಕ್ಕುಬಿಟ್ಟಳು. ಹಾಗೆ ಹೋದವನು ಹುಚ್ಚನಿರಬೇಕು, ಇಲ್ಲವೇ ನಮ್ಮ ಕುಲದವನಿರಬೇಕು ಎಂದಳು. ನಗುತ್ತಲೇ ಕೂತವಳು ಹೊತ್ತು ಮುಳುಗಿದರೂ ಏಳಲಿಲ್ಲ. ಆ ಬೇಸಿಗೆಯಲ್ಲಿ ಕೃಷ್ಣಾ ಹೊಳೆಯಲ್ಲಿ ಮುಳುಗಿ ಸ್ನಾನದೀಕ್ಷೆ ಪಡೆದಳು.

ಮೂರು ವರ್ಷ ಮನೆಯವರಾರೂ ಚಕಾರ ಎತ್ತಲಿಲ್ಲ. ಏಕೆ ಎತ್ತುತ್ತಾರೆ? ಪೆದ್ದಯ್ಯನ ಮನೆಯ ಕಂಬಳಿಗೆಲ್ಲ ಪುಕ್ಕಟೆ ನೂಲುತ್ತಿದ್ದವಳು ಅವಳೇ. ಮಾವ ಸತ್ತು ಕುರಿ ಪಾಲಾಗುವ ಮಾತು ಬಂದಾಗ ಮಾತ್ರ ಪೆದ್ದಯ್ಯನಿಗೆ ಕುಲದ ಚಿಂತೆ ಹುಟ್ಟಿತು. ಬೀರಣ್ಣನ ಪಾಲಿನ ಐವತ್ತು ಕುರಿ ವಿಧವೆಗೆ ಸೇರುವುದು ಪದ್ಧತಿ. ಆದರೆ ಅವಳು ಯೇಸುವಿನವಳು, ಕುಲಕ್ಕೆ ಸತ್ತಂತೆ ಎಂದು ಅವನು ಕುಲದ ಯಜಮಾನ ಕುರುಮಯ್ಯನ ಮುಂದೆ ಕಣ್ಣೀರು ಹಾಕಿದ. ಕುಲದೇವರು ಬೀರಪ್ಪನಿಗೆ ಹರಕೆಯ ಮರಿ ಕೊಡುವಾಗ ಕುಂಟುಮರಿಯನ್ನು ಹುಡುಕುತ್ತಿದ್ದ ಮನುಷ್ಯ ಇವನು!

ಕುರುಮಯ್ಯ ಪೆಂಟಮ್ಮನನ್ನು ಕರೆಸಿ, ಬೀರಪ್ಪನ ಭಂಡಾರದ ಅರಿಶಿನ ಹಚ್ಚಿಕೊಂಡು ತಿರುಗಿ ಬಾ ಎಂದ. ಅವಳು ಒಲ್ಲೆನೆಂದಳು. ಹಾಗಾದರೆ ಸತ್ತವಳೆಂದೇ ಸಾರುತ್ತೇನೆ ಎಂದವನು ಪೆದ್ದಯ್ಯನ ಕಡೆ ತಿರುಗಿ, ಸತ್ತವಳ ಪಾಲು ಬೇಕಾದರೆ ಸತ್ತವರಿಗೆ ಮಾಡುವುದನ್ನೆಲ್ಲ ಮಾಡು, ಎಡೆಯನ್ನು ಕಾಗೆ ಮುಟ್ಟಿದ ಮೇಲೆಯೇ ಕುರಿ ಹಂಚಿಕೋ ಎಂದ. ಮಕ್ತಲದ ಕೋರ್ಟಿಗೆ ಹೋಗೆಂದು ಪೆಂಟಮ್ಮನಿಗೆ ಕೆಲವರು ಹೇಳಿದರು. ಅಲ್ಲಿಯ ಉರ್ದು ಕಾಗದ ತನಗೆ ತಿಳಿಯುವುದರೊಳಗೆ ಕುರಿಗಳಿಗೆ ಹಲ್ಲು ಉದುರುತ್ತವೆ ಎಂದು ಅವಳು ಸುಮ್ಮನಾದಳು.

ಸತ್ತಳೆಂದು ಸಾರಿದ ಹನ್ನೊಂದನೆಯ ದಿನ ಟಗರು ಬಿತ್ತು. ಪೆಂಟಮ್ಮನಿಗೆ ಪ್ರೀತಿಯೆಂದು ಸಜ್ಜೆರೊಟ್ಟಿ, ಪುಂಡಿಪಲ್ಲೆ, ಮಾಂಸದ ಸಾರು ಎಲೆಗೆ ಬಡಿಸಿ ಹಟ್ಟಿಯ ಗೋಡೆಯ ಮೇಲೆ ಎಡೆ ಇಟ್ಟರು. ಬದುಕಿದ್ದಾಗ ತಂಗಳು ಹಾಕಿದವರು ಇವರೇ. ಕಾಗೆ ಬರಲಿಲ್ಲ. ಹಟ್ಟಿಯ ನಾಲ್ಕು ನಾಯಿಗಳು ಮಾಂಸದ ಮೇಲೆ ಕಣ್ಣಿಟ್ಟು ಗೋಡೆಯ ಬುಡದಲ್ಲೇ ಕೂತಿರುವಾಗ ಯಾವ ಕಾಗೆ ಬಂದೀತು? ನಾಯಿ ಕಟ್ಟಬೇಕೆಂಬುದು ಒಬ್ಬನಿಗೂ ಹೊಳೆಯಲಿಲ್ಲ. ಸತ್ತವಳ ಆಸೆ ಉಳಿದಿದೆ ಎಂದೇ ಎಲ್ಲರ ತೀರ್ಮಾನ. ಪೆದ್ದಯ್ಯ ಆಕಾಶಕ್ಕೆ ಕೈಮುಗಿದು, ಬೀರಣ್ಣನ ಹೆಸರು ಮೊಮ್ಮಗನಿಗೆ ಇಡುತ್ತೇವೆ ಎಂದ. ಕಾಗೆ ಇಲ್ಲ. ಅವಳ ನೂಲುವ ಕದಿರನ್ನು ಹೊಳೆಗೆ ಬಿಡುತ್ತೇವೆ ಎಂದ. ಇಲ್ಲ. ಕುರಿಯ ಮಾತೊಂದು ಬಿಟ್ಟು ಬೇರೆಲ್ಲ ಆಡಿದ. ಹೊತ್ತು ನೆತ್ತಿಗೆ ಬಂತು. ಕಾಗೆ ಉಣ್ಣದೆ ನೆಂಟರು ಉಣ್ಣುವಂತಿಲ್ಲ. ಸಾರಿನ ವಾಸನೆಗೆ ಎಲ್ಲರ ಹೊಟ್ಟೆಯೂ ಕೂಗತೊಡಗಿತು.

ಕೊನೆಗೆ ಕುರುಮಯ್ಯ, ಆಸೆ ಏನೆಂದು ಅವಳನ್ನೇ ಕೇಳಿ ಬನ್ನಿ ಎಂದ. ಬಾಲಯ್ಯ ಹಟ್ಟಿಯ ಹೊರಗೆ ಅವಳು ಬೇರೆಯಿದ್ದ ಗುಡಿಸಲಿಗೆ ಹೋಗಿ, ಸತ್ತವಳ ಮುಖ ನೋಡಬಾರದೆಂದು ಗೋಡೆ ನೋಡುತ್ತ ನಿಂತ.

"ಅತ್ತಿಗಿ, ನಿನಗ ಏನರ ಆಸೆ ಉಳದೈತೇನು ಕೇಳಾಕ ಹೇಳ್ಯಾರ."

"ಸತ್ತವರು ಮಾತಾಡ್ತಾರೇನೋ ಬಾಲ್ಯಾ?"

"ನನ್ನ ಕೂಡ ಮಾತಾಡಬ್ಯಾಡ. ಅಲ್ಲಿ ಬಂದು ಹೇಳಿ ಹೋಗು."

ಅವಳು ಬಂದಳು. ನೆಂಟರೆಲ್ಲ ದಾರಿ ಬಿಟ್ಟರು. ಕುರುಮಯ್ಯ ಮುದುಕನಾದರೂ ಮಳ್ಳನಲ್ಲ. ಸತ್ತವರ ಆಸೆ ಏನೇ ಇರಲಿ, ತೀರಿಸದೆ ಈ ಹಟ್ಟಿಯಲ್ಲಿ ಯಾರೂ ತುತ್ತು ಎತ್ತುವಂತಿಲ್ಲ ಎಂದು ಒತ್ತಿ ಒತ್ತಿ ಹೇಳಿದ. ಪೆದ್ದಯ್ಯನ ಮುಖ ಹುಳಿಮಜ್ಜಿಗೆ ಕುಡಿದಂತಾಯಿತು. ಪೆಂಟಮ್ಮನಿಗೆ ಅರ್ಥವಾಗದೆ ಇರಲಿಲ್ಲ. ಹತ್ತು ಕುರಿ ಎಂದರೂ ಸಾಕು, ಸ್ವಂತ ಉಣ್ಣೆ, ಸ್ವಂತ ಕಂಬಳಿ. ಇಲ್ಲವಾದರೆ ಸಾಯುವತನಕ ಕಂಡವರ ಉಣ್ಣೆಗೆ ಕೂಲಿ. ಹಟ್ಟಿಯಲ್ಲಿ ಅವಳು ಕೈಯಿಂದ ಹಾಲು ಕುಡಿಸಿ ಬೆಳೆಸಿದ ಕುರಿಗಳು ನಿಂತಿದ್ದವು. ಅವುಗಳನ್ನು ನೋಡಿದಳು. ಆಮೇಲೆ ಅವಳಿಗೆ ನಗು ಬಂತು; ಗದ್ವಾಲಿನ ಬೇವಿನ ಕೆಳಗೆ ಬಂದಂಥದೇ ನಗು.

"ಯಜಮಾನ್ರ, ನಾ ಸತ್ತು ಮೂರು ವರ್ಷ ಆತು. ಹೊಳ್ಯಾಗ ಮುಳುಗಿದ ದಿನಾನ ಸತ್ತೀನಿ. ಇವರು ಈಗ ದಿನ ಮಾಡಾಕ ಹತ್ಯಾರ, ಭಾಳ ತಡ ಆತು. ಅವತ್ತ ಮ್ಯಾಲಿನ ನನ್ನ ತಂದಿ ನನಗ ಪಾಲು ಕೊಟ್ಟಾನ. ಅದಕ್ಕ ತ್ವಾಳ ಬಾಯಿ ಹಾಕಂಗಿಲ್ಲ, ಬ್ಯಾನಿ ಬರಂಗಿಲ್ಲ, ಅಣ್ಣತಮ್ಮರು ಹಗ್ಗ ಹಿಡಕೊಂಡು ಬರಂಗಿಲ್ಲ. ಈಗ ಆಸೆ ಉಳದೈತಿ ಅಂದ್ರ, ಆತ ನನಗ ಕಡಿಮಿ ಕೊಟ್ಟಾನ ಅಂದಂಗ ಆಕ್ಕೈತಿ. ಅಂಥಾ ಸುಳ್ಳು ಕುರಿ ಸಲುವಾಗಿ ಹೇಳಲೇನು?"

"ಏನೂ ಉಳದಿಲ್ಲೇನವ್ವಾ?" ಎಂದ ಕುರುಮಯ್ಯ. ಅವನ ದನಿ ಇಳಿದಿತ್ತು.

"ಹಸಿವೊಂದು ಐತಿ ನೋಡ್ರಿ."

ನಾಯಿಗಳನ್ನು ಗದರಿಸಿ ಓಡಿಸಿ, ಎಡೆಯ ಎಲೆ ಇಳಿಸಿಕೊಂಡು ನೆಲದ ಮೇಲೆ ಕೂತಳು. ಕಣ್ಣು ಮುಚ್ಚಿ, ತಂದೆಗೆ ತುಸು ಉದ್ದವಾಗಿಯೇ ಸ್ತೋತ್ರ ಹೇಳಿ, ರೊಟ್ಟಿ ಮುರಿದು ಸಾರಿಗೆ ಅದ್ದಿದಳು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಸತ್ತವಳೇ ತನ್ನ ಎಡೆ ಉಂಡರೆ ಶಾಂತಿ ಏನು ಮಾಡಬೇಕೆಂದು ಪೆದ್ದಯ್ಯ ಕೇಳಿದ. ಎಡೆ ಮುಟ್ಟಿಯಾಯಿತು, ಎಲೆ ಹಾಕಿ ಎಂದ ಕುರುಮಯ್ಯ.

ಕುರಿ ಅಣ್ಣತಮ್ಮರ ಪಾಲಾದವು. ಐವತ್ತನ್ನು ಇಬ್ಭಾಗ ಮಾಡುವಾಗ ಯಾವುದು ಕೊಬ್ಬಿದ್ದು, ಯಾವುದು ಗಬ್ಬದ್ದು ಎಂದು ಇಬ್ಬರೂ ಕಿತ್ತಾಡಿ ಮಾತು ಬಿಟ್ಟರು. ಬಾಲಯ್ಯನಿಗೆ ಅವತ್ತು ಮೊದಲ ಸಲ ಸ್ವಂತ ಬುದ್ಧಿ ಬಂತು. ಪೆಂಟಮ್ಮ ಮಕ್ತಲದಲ್ಲಿ ಕಂಡವರ ಉಣ್ಣೆ ನೂತು ಇಪ್ಪತ್ತು ವರ್ಷ ಬಾಳಿದಳು. ಅಲ್ಲಿಯ ಬೋಧಕರು, ಸತ್ತವರಿಗೆ ಇಟ್ಟ ಎಡೆಯನ್ನು ವಿಶ್ವಾಸಿಗಳು ತಿನ್ನಬಾರದಿತ್ತು ಎಂದು ಬುದ್ಧಿ ಹೇಳಲು ಬಂದರಂತೆ.

"ಸತ್ತವಳೇ ಉಂಡ್ರ ತಪ್ಪೇನ್ರಿ ಅಯ್ನೋರ? ಸಾರಿಗೆ ಖಾರ ಒಂದೀಟು ಕಡಿಮಿ ಇತ್ತು, ಅದ ತಪ್ಪು," ಎಂದು, ಅವರು ಮುಂದಿನ ಮಾತು ಹುಡುಕುವಷ್ಟರಲ್ಲಿ ಸ್ತುತಿಯ ಪದ ಎತ್ತಿಕೊಂಡಳು. ಅವಳ ಶ್ರುತಿ ಎಂದೂ ಸರಿಯಿರಲಿಲ್ಲ. ಬೋಧಕರು ಬೇರೆ ದಾರಿ ಕಾಣದೆ ತಾವೂ ಹಾಡಿದರು.