ಕರಿಮಣಿಯ ಊರು

ನನ್ನ ಮದುವೆ ಯುರೋಪಿನ ಒಂದು ಸಣ್ಣ ಊರನ್ನು ಕಾಯುತ್ತ ಕೂತಿತ್ತು ಎಂದರೆ ಇವತ್ತಿಗೂ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಜಮಖಂಡಿ ಪೇಟೆಯಲ್ಲಿ ಅಪ್ಪನದು ಮಣಿ, ದಾರ, ಬಳೆಗಳ ಅಂಗಡಿ. ತಾಳಿಗೆ ಪೋಣಿಸುವ ಕರಿಮಣಿ ಚೆಕೊಸ್ಲೊವಾಕಿಯಾದ ಆ ಊರಿನಿಂದ ಹಡಗಿನಲ್ಲಿ ಮುಂಬಯಿಗೆ, ಮುಂಬಯಿಯಿಂದ ರೈಲಿನಲ್ಲಿ ಕುಡಚಿಗೆ, ಕುಡಚಿಯಿಂದ ನಮ್ಮ ಅಂಗಡಿಗೆ ಬರುತ್ತಿತ್ತು. ಮಹಾಯುದ್ಧದಲ್ಲಿ ನಿಂತದ್ದು, ಯುದ್ಧ ಮುಗಿದರೂ, ನಮ್ಮ ಸಂಸ್ಥಾನವೇ ಮುಂಬಯಿ ಪ್ರಾಂತದಲ್ಲಿ ಸೇರಿಹೋದರೂ ಮತ್ತೆ ಬಂದಿರಲಿಲ್ಲ.

ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಮುಧೋಳದಲ್ಲಿದ್ದ ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ನಾನು ತೊಟ್ಟಿಲಲ್ಲಿದ್ದಾಗಲೇ ನನ್ನನ್ನು ಸೊಸೆ ಎಂದು ಕರೆದಿದ್ದಳಂತೆ. ಅವಳ ಮಗ ಕೆಟ್ಟವನೇನಲ್ಲ. ಉಣ್ಣುತ್ತಿದ್ದ, ಮಲಗುತ್ತಿದ್ದ, ಎದ್ದು ಮತ್ತೆ ಏನಿದೆ ಎಂದು ಕೇಳುತ್ತಿದ್ದ. ನನಗೆ ಮಾತ್ರ ಮೆಟ್ರಿಕ್ ಮುಗಿಸಿ, ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಸೇರಿ, ಶಿಕ್ಷಕಿಯಾಗಬೇಕೆಂಬ ಹುಚ್ಚು ಹಿಡಿದಿತ್ತು.

ಅತ್ತೆ ಬಂದಾಗಲೆಲ್ಲ ಒಂದೇ ಮಾತು. "ಏನೋ ತಮ್ಮಾ, ಯಾವಾಗ ಅಕ್ಕಿಕಾಳ ಹಾಕೂಣು?"

ಅಪ್ಪನದೂ ಒಂದೇ ಉತ್ತರ. "ಮಣಿ ಅಂಗಡಿಯವನ ಮಗಳ ಕೊಳ್ಳಾಗ ಹಲ್ಕಾ ಮಣಿ ಹಾಕಿದ್ರ ಪ್ಯಾಟ್ಯಾಗ ಮಂದಿ ನಗೂದಿಲ್ಲೇನಕ್ಕಾ? ಆ ಊರಿನ ಮಾಲ್ ಬರ್ಲಿ. ಬಂದ ತಿಂಗಳದಾಗ ಮದವಿ."

ಅತ್ತೆ ಇದಕ್ಕೆ ಎದುರಾಡುತ್ತಿರಲಿಲ್ಲ. ಆಗ ಸಿಗುತ್ತಿದ್ದ ಹಲ್ಕಾ, ಅಂದರೆ ಕಳಪೆ, ಮಣಿಗಳ ತೂತಿನ ಅಂಚು ಒರಟು. ಆರು ತಿಂಗಳಲ್ಲಿ ದಾರವನ್ನು ಕೊಯ್ದುಬಿಡುತ್ತಿತ್ತು. ಹೆಂಗಸರು ಉದುರಿದ ಮಣಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗಂಡನಿಗೆ ಏನಾದೀತೋ ಎಂದು ಮುಖ ಸಣ್ಣದು ಮಾಡಿಕೊಂಡು ಅಂಗಡಿಗೆ ಓಡಿ ಬರುತ್ತಿದ್ದರು. ಅತ್ತೆಯ ತಾಳಿಯ ಸರವೇ ಒಮ್ಮೆ ಹರಿದಿತ್ತು.

ಹೀಗೆ ನಾನು ಕಾಣದ ಊರಿನ ಮೇಲೆ ಕಣ್ಣಿಟ್ಟು ಬದುಕತೊಡಗಿದೆ. ಅಂಗಡಿಯ ಹಳೆಯ ಪೆಟ್ಟಿಗೆಗಳ ಮೇಲೆ ಅದರ ಚಿತ್ರವಿತ್ತು: ಬೆಟ್ಟ, ಇಳಿಜಾರಿನ ಮನೆಗಳು, ಚರ್ಚಿನ ಗೋಪುರ. ಉಳಿದದ್ದನ್ನು ವರ್ಷಕ್ಕೊಮ್ಮೆ ಬರುವ ಮುಂಬಯಿಯ ದಲಾಲ ಹೇಳುತ್ತಿದ್ದ. ಅಲ್ಲಿ ಚಳಿ ಬಹಳ, ನೆಲವೆಲ್ಲ ಕಲ್ಲು, ಬೆಳೆ ಅಷ್ಟಕ್ಕಷ್ಟೆ. ಆದರೆ ಕಟ್ಟಿಗೆ ಇದೆ, ನೀರಿದೆ. ಅದಕ್ಕೇ ಜನ ಗಾಜಿಗೆ ಬಿದ್ದರಂತೆ. ನಮ್ಮ ಬನಹಟ್ಟಿಯಲ್ಲಿ ಮನೆಮನೆಗೆ ಮಗ್ಗವಿದ್ದ ಹಾಗೆ ಅಲ್ಲಿ ಮನೆಮನೆಯಲ್ಲೂ ಗಾಜು ಕರಗಿಸುವ ಉರಿ. ಮಣಿ ಮಾಡುವವರು ಹೆಚ್ಚಾಗಿ ಜರ್ಮನ್ ಮಾತಾಡುವವರು. ಯುದ್ಧದಲ್ಲಿ ಜರ್ಮನ್ನರು ಸೋತ ಮೇಲೆ ಅಲ್ಲಿನ ಸರಕಾರದವರು ಅವರನ್ನೆಲ್ಲ, ಕೈಗೆ ಸಿಕ್ಕಷ್ಟು ತೆಗೆದುಕೊಂಡು ನಡೆಯಿರಿ ಎಂದು ಹೊರಗೆ ಅಟ್ಟಿದರು. ಆ ಮನೆಗಳಿಗೆ ಬೇರೆ ಜನ ಬಂದರು. ಊರಿಗಿದ್ದ ಗಾಬ್ಲೋಂಟ್ಸ್ ಎಂಬ ಜರ್ಮನ್ ಹೆಸರೂ ಹೋಗಿ ಯಾಬ್ಲೊನೆಟ್ಸ್ ಎಂಬುದು ಉಳಿಯಿತು.

ಅದನ್ನು ಕೇಳಿದ ದಿನ ಅಪ್ಪನಿಗೆ ಊಟ ಸೇರಲಿಲ್ಲ. "ನಮ್ಮಲ್ಲೂ ಸಂಸ್ಥಾನ ಹೋದವು," ಅಂದ. "ನಿನ್ನಿ ತನಕ ಬನಹಟ್ಟಿ ಜಮಖಂಡಿದು, ಮಗ್ಗಲಾಗಿನ ರಬಕವಿ ಸಾಂಗಲಿದು. ಈಗ ಎಲ್ಲಾ ಒಂದ ಆತು. ಆದ್ರ ಯಾರೂ ನಮ್ಮನ್ನ ಮನಿ ಬಿಟ್ಟ ಏಳ್ರಿ ಅನ್ನಲಿಲ್ಲ ನೋಡು."

ನನಗೂ ಕರುಳು ಚುರ್ ಎಂದಿತು. ಜೊತೆಗೇ, ಇನ್ನು ಆ ಮಾಲು ಬರಲಾರದು ಎಂದು ಎದೆ ಹಗುರವೂ ಆಯಿತು. ಎರಡೂ ನಿಜ.

ಆದರೆ ನಾನು ಮೆಟ್ರಿಕ್ ಪರೀಕ್ಷೆಗೆ ಓದುತ್ತಿದ್ದ ವರ್ಷ ದಲಾಲ ಬಂದು ಬೇರೆಯೇ ರಾಗ ಹಾಡಿದ. ಕಸಬು ಬಲ್ಲ ಕೆಲವರನ್ನು ಅಲ್ಲೇ ಉಳಿಸಿಕೊಂಡಿದ್ದರಂತೆ, ಹೊಸಬರೂ ಕಲಿತರಂತೆ, ಮಾಲು ಹೊರಟಿದೆಯಂತೆ! ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕುಡಚಿಯ ಬಸ್ಸಿನ ಸದ್ದಾದರೆ ಪುಸ್ತಕ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಬಸ್ಸಿನ ಟಾಪಿನ ಮೇಲಿನ ಪ್ರತಿ ಗಂಟೂ ನನ್ನ ಹಣೆಬರಹದಂತೆ ಕಾಣುತ್ತಿತ್ತು. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ.

"ಅಪ್ಪಾ, ನಾ ಧಾರವಾಡಕ್ಕ ಹೋಗಿ ಕಲೀಬೇಕಂತೇನಿ."

"ನೋಡೂಣು," ಅಂದ. ಅಪ್ಪನ 'ನೋಡೂಣು' ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಸಿಟ್ಟಿನಿಂದ ಎರಡು ದಿನ ಮಾತು ಬಿಟ್ಟೆ.

ಪರೀಕ್ಷೆಯ ಫಲಿತಾಂಶ ಬಂದು ನಾನು ಪಾಸಾದೆ. ಅತ್ತೆ ಮುಧೋಳದಿಂದ ಕುಬಸದ ಖಣ ತಂದಳು. ಅವಳು ಅಂಗಡಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿರುವಾಗಲೇ ಹಮಾಲ ಪೆಟ್ಟಿಗೆಯೊಂದನ್ನು ತಂದು ಇಳಿಸಿದ. ಅಪ್ಪ ಹಗ್ಗ ಕೊಯ್ದು, ಹೊಟ್ಟು ಸರಿಸಿ, ಒಳಗಿನ ಡಬ್ಬಿ ತೆಗೆದ. ಅದರ ಚೀಟಿಯ ಮೇಲೆ ಊರಿನ ಹೊಸ ಹೆಸರಿತ್ತು. ಇಂಗ್ಲಿಷ್ ಅಕ್ಷರ, ನಾನು ಓದಿದೆ, ಅಪ್ಪನೂ ಓದಿದ. ಅತ್ತೆಗೆ ಓದು ಬರುತ್ತಿರಲಿಲ್ಲ.

ಅಪ್ಪ ಕರಿಮಣಿಯ ಒಂದು ಎಳೆ ತೆಗೆದು ಧೋತರಕ್ಕೆ ಉಜ್ಜಿದ, ಬೆಳಕಿಗೆ ಹಿಡಿದ. ಒಂದು ಮಣಿಯಲ್ಲಿ ದಾರ ತೂರಿಸಿ ಹಿಂದಕ್ಕೂ ಮುಂದಕ್ಕೂ ಎಳೆದ. ಎಷ್ಟು ಎಳೆದರೂ ದಾರದ ನೂಲು ಏಳಲಿಲ್ಲ. ಅವನ ಮುಖ ಹಾಗೆ ಅರಳಿದ್ದನ್ನು ನಾನು ಅಷ್ಟು ವರ್ಷಗಳಲ್ಲಿ ನೋಡಿರಲಿಲ್ಲ. ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಬಂತೇನೋ ನಿನ್ನ ಮಾಲ್?" ಎಂದು ಅತ್ತೆ ಕಪ್ಪು ಕೆಳಗಿಟ್ಟಳು.

ಅಪ್ಪ ಒಮ್ಮೆ ನನ್ನ ಕಡೆ ನೋಡಿದ.

"ಇಲ್ಲಕ್ಕಾ, ಇದು ಬ್ಯಾರೆ. ಆ ಊರ್ದಲ್ಲ," ಅಂದ. ಡಬ್ಬಿಯ ಮುಚ್ಚಳ ಹಾಕಿ, ಚೀಟಿ ಕೆಳಗಾಗುವಂತೆ ಬೋರಲು ಇಟ್ಟ.

ಗಿರಾಕಿ ಕೇಳುವ ಮೊದಲೇ ಮಾಲಿನ ಕುಂದನ್ನು ಹೇಳಿ ಮಾರುತ್ತಿದ್ದ ಮನುಷ್ಯ ಅವನು.

ಜೂನ್‌ನಲ್ಲಿ ನಾನು ಧಾರವಾಡಕ್ಕೆ ಹೋದೆ. ಕಾದು ಕಾದು ಸಾಕಾದ ಅತ್ತೆ ಮಗನಿಗೆ ಬೀಳಗಿಯ ಹುಡುಗಿಯನ್ನು ನಿಶ್ಚಯಿಸಿದಳು. ರಜೆಗೆ ಬಂದಾಗ ನೋಡಿದರೆ, ಆ ಕರಿಮಣಿಗಳನ್ನು ಅಪ್ಪ ಹಲ್ಕಾ ಮಣಿಗಳ ಸಾಲಿನಲ್ಲಿಟ್ಟು, ಹಲ್ಕಾ ಮಣಿಗಳ ದರಕ್ಕೇ ಮಾರುತ್ತಿದ್ದ. ಅತ್ತೆಯೂ ಹೊಸ ಸೊಸೆಯ ತಾಳಿಗೆ ಅವನ್ನೇ ಆರಿಸಿಕೊಂಡಳು. ದಾರ ಎಳೆದು ನೋಡಿ ಬೆರಗಾದಳು.

"ಹಲ್ಕಾ ಅಂತಿ, ಎಷ್ಟ್ ಛಲೋ ಅದಾವಲ್ಲೋ ಇವು! ಯಾವೂರ್ವು?"

ಅಷ್ಟು ವರ್ಷ ಕಾದಿದ್ದ ಊರಿನ ಹೆಸರು ಅಪ್ಪನ ತುಟಿಯ ತನಕ ಬಂದದ್ದು ನನಗೆ ಕಾಣಿಸಿತು.

"ಯಾವೂರ್ವೋ ಏನೋ, ಗೊತ್ತಿಲ್ಲಕ್ಕಾ," ಅಂದ.

ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ.