ರೇವಮ್ಮ ಕಂಡ ಸಿಂಹ

ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಸಿದ್ದೇಶ್ವರರಿಗೆ ಸಿಂಹವನ್ನು ಅದರ ಕಾಡಿನಲ್ಲೇ ನೋಡಬೇಕೆಂಬ ಹುಚ್ಚು. ಹೆಂಡತಿ ರೇವಮ್ಮನಿಗೆ ಅಂಥ ಆಸೆಯೇನೂ ಇರಲಿಲ್ಲ. ಇದ್ದರೂ ಕೇಳುವವರು ಯಾರು? ಹೊರಡು ಅಂದರು, ಕೀನ್ಯಾಕ್ಕೆ ಹೊರಟಳು.

ಅಲ್ಲಿ ಕಾಡಿನೊಳಗೇ ಡೇರೆಯಲ್ಲಿ ವಾಸ. ಗೈಡು ಜೀಪಿನಲ್ಲಿ ಸುತ್ತಾಡಿಸಿ ಜಿರಾಫೆ, ಜೀಬ್ರಾ, ಆನೆ ಎಲ್ಲವನ್ನೂ ತೋರಿಸಿದ. ಸಿಂಹ ಮಾತ್ರ ಕಣ್ಣಿಗೆ ಬೀಳಲಿಲ್ಲ. ಕೊನೆಯ ದಿನ ಸಿಂಹ ಹುಡುಕಲು ನಸುಕಿಗೇ ಹೊರಡಬೇಕಿತ್ತು. ರೇವಮ್ಮ ಸ್ನಾನ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸದೆ ಹನಿ ನೀರನ್ನೂ ಬಾಯಿಗೆ ಹಾಕುವವಳಲ್ಲ. ಅವತ್ತು ಬಿಸಿನೀರೇ ತಡವಾಗಿ ಬಂತು. ಲಿಂಗ ಗಂಡನ ಕೊರಳಲ್ಲೂ ಇತ್ತೆನ್ನಿ. ಅವರ ಪೂಜೆ ಪುರುಸೊತ್ತಿದ್ದ ದಿನ ಮಾತ್ರ.

"ನಿನ್ ಪೂಜೆ ಮುಗಿಯೋಗಂಟ ಸಿಂಹ ಕಾಯ್ಕಂಡ್ ಕೂತಿರ್ತದಾ? ಬಿದ್ದಿರು ಇಲ್ಲೇ!" ಎಂದು ಊರುಕೇರಿ ಗೊತ್ತಿಲ್ಲದ ಜನರೆದುರು ಕೂಗಾಡಿ ಸಿದ್ದೇಶ್ವರ ಜೀಪು ಹತ್ತಿದರು.

ಅವಮಾನ ನುಂಗಿಕೊಂಡು ಪೂಜೆಗೆ ಕೂತ ರೇವಮ್ಮ ಕಣ್ಣೆತ್ತಿದಾಗ, ಡೇರೆಯ ಜಾಲರಿಯಾಚೆ ಗಂಡುಸಿಂಹ ನಿಂತಿತ್ತು. ಕೇಸರ ಇಬ್ಬನಿಗೆ ನೆನೆದು ಕತ್ತಿಗೆ ಅಂಟಿತ್ತು. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಸಂತೋಷ. ಹುಟ್ಟಿದಾಗಿನಿಂದ ಇಷ್ಟು ದೊಡ್ಡದೊಂದು ತನಗೊಬ್ಬಳಿಗೇ ಎಂದು ಸಿಕ್ಕಿದ್ದು ಇದೇ ಮೊದಲು.

ಜೀಪು ಸಿಂಹ ಕಾಣದೆ ವಾಪಸ್ಸು ಬಂತು. ಓಡಿಹೋಗಿ ಹೇಳಿದರೆ, "ನಿಂಗೆಲ್ಲೋ ಕನಸು ಬಿದ್ದದೆ" ಎಂದರು ಸಿದ್ದೇಶ್ವರ. ಕಾವಲುಗಾರ ಡೇರೆಯ ಮುಂದಿನ ಹೆಜ್ಜೆಗುರುತು ತೋರಿಸಿದ ಮೇಲೆ ಬಾಯಿ ಮುಚ್ಚಿತು.

ವಿಮಾನದಲ್ಲಿ ಮಾತ್ರ ಮೆಲ್ಲಗೆ ಕೇಳಿದರು: "ಎಂಗ್ ನಿಂತಿತ್ತು? ಕೇಸರ ಎಂಗಿತ್ತು? ಸರಿಯಾಗೇಳು." ಗಂಡ ಕೊನೆಗೂ ಕೇಳಿದರಲ್ಲ ಎಂದು ಆ ಹುಚ್ಚು ಹೆಂಗಸು ಹಿಗ್ಗಿ ಹೇಳತೊಡಗಿದಳು. ಮುಗಿಸುವ ಮೊದಲೇ ಅವರು "ಸಾಕು" ಎಂದು ಕಣ್ಣು ಮುಚ್ಚಿದರು.

ಮುಂದಿನ ತಿಂಗಳು ಶಾಂತಿಗ್ರಾಮದಲ್ಲಿ ರೇವಮ್ಮನ ತಮ್ಮ ಗೌರೀಶಂಕರನ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಸಿದ್ದೇಶ್ವರರ ಸಿಂಹ ಗರ್ಜಿಸುತ್ತಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ!

"ಜೀಪಿಂದ ಇಲ್ಲಿಂದಲ್ಲಿಗೆ, ಅಷ್ಟೇ ಕಣಯ್ಯ. ಕೇಸರ ಇಬ್ಬನೀಲಿ ನೆಂದೋಗಿತ್ತು. ನಿಮ್ಮಕ್ಕ ಡೇರೇಲಿ ಗೊರ್ಕೆ ಒಡೀತಿದ್ಲು."

ಪಾಯಸ ಬಡಿಸುತ್ತಿದ್ದ ರೇವಮ್ಮನ ಸೌಟು ನಿಂತಿತು.

"ಆಮೇಲೆ ಯಾವ್ ಕಡೀಕೋಯ್ತು ಭಾವ?" ಎಂದ ಗೌರೀಶಂಕರ.

ಸಿದ್ದೇಶ್ವರ ತಡವರಿಸಿದರು. ಅದನ್ನು ಅವರು ಕೇಳಿಯೇ ಇರಲಿಲ್ಲ.

"ಎಲ್ಗೂ ಓಗ್ಲಿಲ್ಲ," ಎಂದಳು ರೇವಮ್ಮ. "ಅಲ್ಲೇ ಮಲಿಕ್ಕಂಡು ಮುಂಗಾಲು ನೆಕ್ಕಂತು. ಆಕಳಿಸ್ತು. ಬೆಳಕಾದ್ಮೇಲೆ ಎದ್ದು ನೀರಿನ್ ಕಡೆ ಓಯ್ತು."

ಪಂಕ್ತಿಯೆಲ್ಲ ಗೊಳ್ಳೆಂದಿತು. "ಭಾವ, ಇದ್ನ ಎಷ್ಟ್ ಸಲ ಏಳಿದ್ದೀರಾ?" ಎಂದು ತಮ್ಮ ಬಿದ್ದು ಬಿದ್ದು ನಕ್ಕ. "ಅಕ್ಕಂಗೆ ಬಾಯಿಪಾಠ ಆಗೋಗದೆ!"

ಎಲ್ಲರಿಗಿಂತ ಜೋರಾಗಿ ನಕ್ಕವರು ಸಿದ್ದೇಶ್ವರ.